ಒಂಬತ್ತು ಸೆಕೆಂಡಿನ ಗುಟುರು

ಧ್ವನಿ ಸಂದೇಶ
ಫೆಬ್ರವರಿ 9, ರಾತ್ರಿ 1.20

ಅಕ್ಕಾ, ಮಲಗಿರ್ತೀಯ, ಗೊತ್ತು. ಬೆಳಿಗ್ಗೆ ಎದ್ದು ಕೇಳು. ಬರೆಯೋಕೆ ಕೂತ್ರೆ ನನಗೆ ಎರಡು ಸಾಲಿಗೇ ಮೈ ಪರಚ್ಕೊಳ್ಳೋ ಹಂಗಾಗುತ್ತೆ. ಅದಕ್ಕೆ ಮಾತಾಡೇ ಕಳಿಸ್ತೀನಿ.

ಇವತ್ತು ನಮ್ಮ ಟ್ರಾನ್ಸ್‌ಫಾರ್ಮರ್‌ಗೆ ಮೊದಲನೇ ಸಲ ಕರೆಂಟ್ ಕೊಟ್ರು. ಇಷ್ಟು ದೊಡ್ಡದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ನಮ್ಮ ಮನೆ ಥರದ್ದು ಎರಡು ಅಕ್ಕಪಕ್ಕ ನಿಲ್ಲಿಸಿದಂಗಿದೆ. ನೀನು ವರ್ಕ್‌ಶಾಪಲ್ಲಿ ಕಾಯಿಲ್ ಸುತ್ತೀಯಲ್ಲ, ಅವೆಲ್ಲ ಇದರ ಮುಂದೆ ಟಿಫಿನ್ ಡಬ್ಬಿ. ಬ್ರೇಕರ್ ಹಾಕಿದ್ದೇ ತಡ, ಒಂದು ಗುಟುರು ಹಾಕ್ತು ನೋಡು, ಕಟ್ಟಿಹಾಕಿದ ಗೂಳಿ ಹಾಕುತ್ತಲ್ಲ ಹಂಗೆ. ನಾನು ನಾಲ್ಕು ಹೆಜ್ಜೆ ಹಿಂದೆ. ಭಾವ ನನ್ನ ನೋಡಿ ನಗ್ತಾ ನಿಂತಿದ್ರು. ಆಮೇಲೆ ಇಳೀತಾ ಇಳೀತಾ ಬಂದು, ಹೂಂ ಅಂತ ಒಂದೇ ಸಮ ಗುನುಗೋಕೆ ಶುರು ಮಾಡ್ತು.

ತಮಾಷೆ ಏನು ಗೊತ್ತಾ, ಇದರ ಆ ಕಡೆ ಏನೂ ಇಲ್ಲ. ಇದು ಯಾವ ಕಾರ್ಖಾನೆಗೆ ಅಂತ ಬಂತೋ ಆ ಕಾರ್ಖಾನೆ ಇನ್ನೂ ಪಾಯದಲ್ಲೇ ಇದೆ. ಲೋಡೇ ಇಲ್ಲ. ಆದ್ರೂ ಹಗಲೂ ರಾತ್ರಿ ಚಾಲೂ ಇಡ್ಬೇಕಂತೆ, ಒಳಗೆ ತೇವ ಹಿಡೀಬಾರ್ದು ಅಂತ. ನಾನೂ ಭಾವನೂ ರಾತ್ರಿ ಪಾಳಿ. ಗಂಟೆಗೊಂದು ಸಲ ಸುತ್ತ ಹೋಗಿ ನೋಡಿ, ಮೀಟರ್ ನೋಡಿ, ಪುಸ್ತಕದಲ್ಲಿ ಬರೀಬೇಕು. ಏನಂತ ಬರೆಯೋದು ಹೇಳು? ಆಂಪ್ಸ್ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲ್ಲ. ಭಾವ ಇದಕ್ಕೆ ದೊಡ್ಡಪ್ಪ ಅಂತ ಹೆಸರಿಟ್ಟಿದ್ದಾರೆ. ಕೆಲಸ ಇಲ್ಲ, ಕೂತಲ್ಲೇ ಗೊಣಗಾಟ.

ಒಂದು ಕೇಳ್ಬೇಕಿತ್ತು. ಲೋಡೇ ಇಲ್ಲ ಅಂದ್ಮೇಲೆ ಆ ಗುಟುರು ಯಾಕೆ? ಭಾವನ್ನ ಕೇಳಿದ್ರೆ, ನಿಮ್ಮಕ್ಕನ್ನ ಕೇಳು, ಕಬ್ಬಿಣದ ಹೊಟ್ಟೆಯೊಳಗಿನ ಮಾತು ಅವಳಿಗೇ ಗೊತ್ತು ಅಂತಾರೆ.

ಪತ್ರ
ಫೆಬ್ರವರಿ 12

ಗಾಳಿಪಟ,

ಮಾತಾಡಿ ಕಳಿಸುವುದು ನನ್ನಿಂದಾಗದು. ವರ್ಕ್‌ಶಾಪಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ. ಮನೆಯಲ್ಲಿ ಅತ್ತೆ ಪಕ್ಕದಲ್ಲೇ ಇರುತ್ತಾರೆ. ನಿಮ್ಮ ದೊಡ್ಡಪ್ಪನ ವಿಷಯ ಅವರೂ ಕೇಳಿಸಿಕೊಂಡರು. “ನನ್ನ ಮಗ ಯಾರನ್ನೂ ಬಿಟ್ಟವನಲ್ಲ” ಎಂದು ನಕ್ಕರು. ನಾನು ಹೀಗೇ ಬರೆದು, ಹಾಳೆಯ ಫೋಟೊ ತೆಗೆದು ಕಳಿಸುತ್ತೇನೆ. ದೊಡ್ಡದು ಮಾಡಿಕೊಂಡು ಓದು.

ಗುಟುರು ಯಾಕೆಂದರೆ, ಕಬ್ಬಿಣಕ್ಕೆ ನೆನಪಿದೆ. ಹೋದ ಸಲ, ತಯಾರಿಸಿದಲ್ಲಿ ಟೆಸ್ಟ್ ಮಾಡಿ, ಕರೆಂಟು ತೆಗೆದಾಗ ಅದು ಯಾವ ಸ್ಥಿತಿಯಲ್ಲಿತ್ತೋ, ಆ ಅಯಸ್ಕಾಂತ ಒಂದಿಷ್ಟು ಒಳಗೇ ಉಳಿದಿರುತ್ತದೆ. ಮತ್ತೆ ಕೊಟ್ಟಾಗ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಹೊಟ್ಟೆ ತುಂಬಿದವನ ತಟ್ಟೆಗೆ ಮತ್ತೆ ಬಡಿಸಿದ ಹಾಗೆ. ಆ ಹೊತ್ತಿಗೆ ವಿಪರೀತ ಕರೆಂಟು ಎಳೆದುಕೊಂಡು ಒದ್ದಾಡುತ್ತದೆ. ಕೆಲವು ಸೆಕೆಂಡಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಆಮೇಲೆ ವರ್ಷಗಟ್ಟಲೆ ಚಾಲೂ ಇದ್ದರೂ ಗುನುಗುವುದೇ ಹೊರತು ಗುಟುರು ಹಾಕುವುದಿಲ್ಲ. ಹಾಕಿತು ಎಂದರೆ ಯಾರೋ ತೆಗೆದು ಮತ್ತೆ ಹಾಕಿದ್ದಾರೆ ಎಂದೇ ತಿಳಿ.

ಇನ್ನೊಂದು ಮಾತು. ಮುಳ್ಳು ಸೊನ್ನೆ ತೋರಿಸಿತೆಂದು ಅದು ಸತ್ತಿದೆ ಅಂದುಕೊಳ್ಳಬೇಡ. ಲೋಡ್ ಇಲ್ಲದಿದ್ದರೂ ಮೇಲಿನ ಪಿಂಗಾಣಿ ಕಂಬಗಳ ತುದಿಯಲ್ಲಿ ಪೂರ್ತಿ ವೋಲ್ಟೇಜು ಇರುತ್ತದೆ. ನಿಮ್ಮ ಭಾವ ಮಾಡುವುದನ್ನು ನೋಡಿ ಕಲಿ. ಹತ್ತುವ ಮೊದಲು ಟ್ಯಾಂಕಿನ ಮೇಲೆ ಅಂಗೈ ಇಡುತ್ತಾರೆ. ನಡುಗುತ್ತಿದ್ದರೆ ಜೀವ ಇದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಂಗೈ ಇಡದೆ ಹತ್ತಿದವರಲ್ಲ.

ಮೂರು ಕೆಲಸ ಬಿಟ್ಟಾಯಿತು ನೀನು. ಇದು ನಾಲ್ಕನೆಯದು. ನೀನು ನಿಂತಲ್ಲಿ ನಿಲ್ಲಲಿ ಎಂದೇ ಅವರನ್ನು ಜೊತೆಗೆ ಕಳಿಸಿದ್ದೇನೆ. ಮರೆಯಬೇಡ.

ಊಟ ಬಿಡಬೇಡ.
ಅಕ್ಕ

ಧ್ವನಿ ಸಂದೇಶ
ಮಾರ್ಚ್ 2, ರಾತ್ರಿ 2.45

ಅಕ್ಕಾ, ಬೇಜಾರು. ಇಲ್ಲಿ ನೋಡೋಕೆ ಇರೋದು ಜಲ್ಲಿಕಲ್ಲು, ತಂತಿ ಬೇಲಿ, ದೊಡ್ಡಪ್ಪ. ಮಲಗೋದು ತಗಡಿನ ಡಬ್ಬದಲ್ಲಿ, ಮೇಲೊಂದು ಮಂಚ ಕೆಳಗೊಂದು. ಭಾವ ಕೆಳಗೆ, ನಾನು ಮೇಲೆ. ಅವರ ಗೊರಕೆ ದೊಡ್ಡಪ್ಪನ ಶ್ರುತಿಗೆ ಸರಿಯಾಗಿ ಸೇರುತ್ತೆ, ಆಣೆಗೂ. ಮೊದಮೊದಲು ಆ ಗುನುಗು ತಲೆ ತಿಂತಿತ್ತು. ಈಗ ಕೇಳ್ಸೋದೇ ಇಲ್ಲ. ಇದ್ಯೋ ಇಲ್ವೋ ಅಂತಾನೂ ಗೊತ್ತಾಗಲ್ಲ.

ಗಂಟೆಗೊಂದು ಸಲ ಸುತ್ತು ಹಾಕ್ಬೇಕು ಅಂದಿದ್ನಲ್ಲ, ಯಾರು ಹಾಕ್ತಾರೆ ಹೇಳು. ಕೂತಲ್ಲೇ ಬರೀತೀನಿ. ಸೋರಿಕೆ ಇಲ್ಲ, ಸದ್ದು ಸಾಮಾನ್ಯ, ಮುಳ್ಳು ಸೊನ್ನೆ. ಬೆಳಗಿನವರೆಗೆ ಒಟ್ಟಿಗೇ ಬರೆದಿಟ್ಟುಬಿಡ್ತೀನಿ. ಭಾವಂಗೆ ಹೇಳ್ಬೇಡ. ಅವರು ಹೊರಗೆ ಹೋದ್ರೆ ಬರೋದು ಅರ್ಧ ಗಂಟೆ ಬಿಟ್ಟು. ವಾಪಸ್ ಬಂದು ಪ್ಯಾನೆಲ್ ರೂಮಿನ ಮೊಳೆಗೆ ಹೆಲ್ಮೆಟ್ ನೇತುಹಾಕ್ತಾರೆ. ಹೆಲ್ಮೆಟ್ ಮೊಳೆ ಮೇಲಿದ್ರೆ ನಾನು ಕೆಳಗಿದ್ದೀನಿ ಅಂತ ತಿಳ್ಕೊ, ಇಲ್ಲಾಂದ್ರೆ ಒಂದು ಬಟನ್ನೂ ಮುಟ್ಬೇಡ ಅಂದಿದ್ದಾರೆ. ಕಾಗದ ಪತ್ರ ಏನೂ ಇಲ್ಲ, ನಮ್ಮಿಬ್ಬರ ಮಧ್ಯೆ ಆ ಮೊಳೆನೇ ಕಾನೂನು.

ಬೇರೆ ಕಡೆ ಕೆಲಸ ಇದೆಯಂತೆ. ಹೋಗೋಣ ಭಾವ ಅಂದೆ. ಈ ಸಲ ದಾರ ನನ್ನ ಕೈಯಲ್ಲಿದೆ ಗಾಳಿಪಟ, ಸುಮ್ನೆ ಮಲಗು ಅಂದ್ರು.

ಪತ್ರ
ಮಾರ್ಚ್ 6

ಗಾಳಿಪಟ,

ಸುತ್ತು ಹಾಕದೆ ಬರೆಯಬೇಡ. ಇಷ್ಟೇ ಹೇಳುತ್ತೇನೆ. ನಿಮ್ಮ ಭಾವನಿಗೆ ಹೇಳುವುದಿಲ್ಲ, ಆದರೆ ಇಂಥದ್ದು ಇನ್ನೊಮ್ಮೆ ನನ್ನ ಕಿವಿಗೆ ಬಿದ್ದರೆ ಹೇಳುತ್ತೇನೆ.

ಮಗುವಿನ ಶಾಲೆಯ ಶೂ ಚಿಕ್ಕದಾಗಿದೆ. ಅಪ್ಪನೇ ತರಬೇಕು ಎಂದು ಹಟ. ಅವರಿಗೆ ಫೋನ್ ಮಾಡಲು ಹೇಳು. ನಾಲ್ಕು ದಿನವಾಯಿತು.

ಊಟ ಬಿಡಬೇಡ.
ಅಕ್ಕ

ಧ್ವನಿ ಸಂದೇಶ
ಮಾರ್ಚ್ 11, ಬೆಳಗಿನ ಜಾವ 5.05

ಅಕ್ಕಾ, ಎದ್ದಿದ್ದೀಯಾ... ತಾಳು, ಭಾವ ಬಂದ್ರು. ಹೂಂ, ಅಕ್ಕಂಗೇ. ಬೋರ್ಡಲ್ಲೇ ಇದೆ, ನೋಡಿ. ಹೂಂ ಹೂಂ. ಹಾಂ ಅಕ್ಕಾ, ನಿನ್ನ ಪತ್ರ ಓದಿದೆ. ಬೈಬೇಡ ಮಾರಾಯ್ತಿ, ಇನ್ಮೇಲೆ ಸುತ್ತು ಹಾಕ್ತೀನಿ. ಶೂ ವಿಷಯ ಹೇಳ್ತೀನಿ ಭಾವಂಗೆ. ಇಲ್ಲಿ ಪಕ್ಕದ ಪೇಟೇಲಿ ಒಂದಂಗಡಿ ಇದೆ, ಭಾನುವಾರ ಹೋಗ್ತೀವಿ. ಮಗು ಕಾಲನ್ನ ಹಾಳೆ ಮೇಲೆ ಇಟ್ಟು ಸುತ್ತ ಗೆರೆ ಎಳೆದು ಕಳಿಸು. ಒಂದು ಬೆರಳು ಜಾಸ್ತಿ ಬಿಡು, ಬೆಳೆಯೋ ಕಾಲು... ಥೂ, ಗೋಡೆ ಫೋನು. ಇರು. ಹಲೋ. ಹೂಂ ಸರ್. ಹೌದು ಸರ್. ಇಲ್ಲ ಸರ್, ಇನ್ನೇನು... ಹೂಂ ಸರ್. ಹೂಂ. ಆಯ್ತು ಸರ್. ಒಂದ್ನಿಮಿಷ ಅಕ್ಕಾ.

ಹಾಂ. ಎಲ್ಲಿದ್ದೆ? ಹಾಂ, ಕಾಲಿನ ಅಳತೆ. ಎರಡೂ ಕಾಲಿಂದು ಕಳಿಸು. ಇಡ್ಲಾ.

ಧ್ವನಿ ಸಂದೇಶ
ಮಾರ್ಚ್ 13, ರಾತ್ರಿ 3.10

ಅಕ್ಕಾ. ಕಂಪನಿಯವರು ಫೋನ್ ಮಾಡಿದ್ರು ಅಂತ ಗೊತ್ತಾಯ್ತು. ನಾನೇ ಮಾಡ್ಬೇಕಿತ್ತು. ಆಗ್ಲಿಲ್ಲ. ನಂಬರ್ ಒತ್ತಿ ಒತ್ತಿ ಇಟ್ಟೆ.

ಏನಾಯ್ತು ಅಂದ್ರೆ. ಮೇಲೆ ಒಂದು ಪಿಂಗಾಣಿ ಕಂಬದ ಬುಡದಲ್ಲಿ ಎಣ್ಣೆ ಜಿನುಗ್ತಿತ್ತು. ಭಾವ ಹತ್ತಿದ್ರು. ಯಾರಿಗೂ ಹೇಳ್ಲಿಲ್ಲ. ಚಾಲೂ ಇತ್ತು ಅಕ್ಕಾ. ಮುಳ್ಳು ಸೊನ್ನೆ ಇತ್ತಲ್ಲ, ನಿಂತಿದೆ ಅಂದ್ಕೊಂಡಿರ್ಬೇಕು. ಬೋಲ್ಟ್ ಬಿಗಿ ಮಾಡಿ ಎದ್ದು ನಿಂತ್ರು ಅನ್ಸುತ್ತೆ. ಕೈ ಕಂಬದ ತುದಿ ಹತ್ರ ಹೋಯ್ತು. ಮುಟ್ಟಿಲ್ಲ, ಮುಟ್ಟೋದೇ ಬೇಡ ಅಲ್ವಾ, ಕರೆಂಟೇ ಹಾರುತ್ತೆ. ಒಂದು ಸದ್ದು ಅಷ್ಟೆ. ನೋವಾಗಿರಲ್ಲ ಅಂತ ಡಾಕ್ಟರ್ ಹೇಳಿದ್ರು. ನಾನು ಹೋಗಿ ನೋಡೋಷ್ಟರಲ್ಲಿ... ಆಮೇಲೆ ಹೇಳ್ತೀನಿ.

ವಿಚಾರಣೆ ಅಂತೆ, ನಾನು ಜೊತೆಗೆ ಬರೋಕೆ ಬಿಡ್ತಿಲ್ಲ. ಬೇರೆ ಯಾರೋ ಬರ್ತಾರೆ ಅವರನ್ನ ಕರ್ಕೊಂಡು. ಅಕ್ಕಾ, ಏನಾದ್ರೂ ಬರಿ. ಒಂದಕ್ಷರ ಆದ್ರೂ ಬರಿ.

ಧ್ವನಿ ಸಂದೇಶ
ಮಾರ್ಚ್ 24, ರಾತ್ರಿ 1.50

ಎಲ್ಲಾ ಮುಗೀತಂತೆ. ಅತ್ತೆ ಹೆಂಗಿದ್ದಾರೆ? ಮಗು ಶಾಲೆಗೆ ಹೋಗ್ತಿದೆಯಾ? ನೀನು ಫೋನ್ ಎತ್ತಲ್ಲ, ಇರ್ಲಿ. ಕೆಳಗಿನ ಮಂಚ ಖಾಲಿ ಇದೆ. ಹೊಸಬನ್ನ ಕಳಿಸ್ತೀವಿ ಅಂದ್ರು, ಬೇಡ ಅಂದೆ. ಹಾಸಿಗೆ ಮಡಚೋಕೂ ಆಗ್ತಿಲ್ಲ.

ಪತ್ರ
ಏಪ್ರಿಲ್ 6

ತಮ್ಮಾ,

ಅವರನ್ನು ತಂದ ಪೆಟ್ಟಿಗೆ ಮನೆಗೆ ಬಂದ ದಿನದಿಂದ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಅತ್ತೆ ಮಾತು ನಿಲ್ಲಿಸಿದ್ದಾರೆ. ಮಗು ಶಾಲೆಗೆ ಹೋಗುತ್ತಿದೆ, ಹಳೆಯ ಶೂನಲ್ಲೇ, ಹಿಮ್ಮಡಿ ಮಡಚಿಕೊಂಡು.

ಕಂಪನಿಯವರು ಒಂದು ಕಾಗದ ಕೊಟ್ಟು ಹೋದರು. “ಚಾಲ್ತಿಯಲ್ಲಿದ್ದ ಟ್ರಾನ್ಸ್‌ಫಾರ್ಮರ್ ಮೇಲೆ ತನ್ನ ಸ್ವಂತ ಅಜಾಗರೂಕತೆಯಿಂದ, ಯಾರಿಗೂ ತಿಳಿಸದೆ ಹತ್ತಿ” ಎಂದಿದೆ. ಕೆಳಗೆ ನಿನ್ನ ಸಹಿ ಇದೆ. ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ. ಏಪ್ರಿಲ್ ಇಪ್ಪತ್ತೆರಡರೊಳಗೆ ಹಾಕಬೇಕಂತೆ. ಹಾಕಿದರೆ ಅಂದೇ ವಿಚಾರಣೆ ಮುಚ್ಚುತ್ತಾರಂತೆ.

ವರ್ಕ್‌ಶಾಪಿನಲ್ಲಿ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ನಿಮ್ಮ ಭಾವನಿಂದ ಕೆಲಸ ಕಲಿತ ಹುಡುಗಿಯರೇ ನಾನು ಹೋದಾಗ ಮಾತು ನಿಲ್ಲಿಸುತ್ತಾರೆ. ಮಗು ನಿನ್ನೆ ಕೇಳಿತು: “ಅಪ್ಪಂಗೆ ಕೆಲಸ ಬರ್ತಿರ್ಲಿಲ್ವಾ ಅಮ್ಮಾ?”

ನಿನ್ನನ್ನು ಎರಡು ಕೇಳುತ್ತೇನೆ. ಅವರು ಹತ್ತುವ ಮೊದಲು ಟ್ಯಾಂಕಿನ ಮೇಲೆ ಅಂಗೈ ಇಟ್ಟಿರಲಿಲ್ಲವೇ? ಹೆಲ್ಮೆಟ್ ಎಲ್ಲಿತ್ತು?

ಅಕ್ಕ

ಧ್ವನಿ ಸಂದೇಶ
ಏಪ್ರಿಲ್ 7, ರಾತ್ರಿ 12.30

ಇಟ್ಟಿರ್ಬೇಕು ಅಕ್ಕಾ, ನಾನು ನೋಡಿಲ್ಲ. ಒಳಗಿದ್ದೆ. ಒಂದು ತಿಂಗಳಿಂದ ಅದೇ ಗುನುಗು, ಕೈಗೂ ರೂಢಿ ಆಗ್ಬಿಟ್ಟಿರುತ್ತೆ. ನನಗೆ ಕಿವಿಗೆ ಆಗಿದೆಯಲ್ಲ, ಹಂಗೆ. ಹೆಲ್ಮೆಟ್... ಒಳಗೇ ಇತ್ತು ಅನ್ಸುತ್ತೆ. ಸರಿಯಾಗಿ ನೆನಪಿಲ್ಲ. ಯಾಕೆ ಕೇಳ್ತೀಯ?

ಸಹಿ ಹಾಕ್ಬಿಡು ಅಕ್ಕಾ. ಕೆದಕಿದ್ರೆ ಏನ್ ಸಿಗುತ್ತೆ? ಹೋದವರು ಬರ್ತಾರಾ?

ಪತ್ರ
ಏಪ್ರಿಲ್ 11

ತಮ್ಮಾ,

ಅಂಗೈಗೆ ರೂಢಿಯಾಗುವುದಿಲ್ಲ. ನಾನೂ ದಿನಾ ಇಡುತ್ತೇನೆ.

ಹನ್ನೊಂದನೇ ತಾರೀಖು ಬೆಳಗಿನ ಜಾವ ನಿನಗೆ ಫೋನ್ ಮಾಡಿದವರು ಯಾರು?

ಅಕ್ಕ

ಧ್ವನಿ ಸಂದೇಶ
ಏಪ್ರಿಲ್ 11, ರಾತ್ರಿ 11.55

ಯಾವ ಫೋನು? ದಿನಾ ಹತ್ತು ಫೋನ್ ಬರುತ್ತೆ ಇಲ್ಲಿ. ಏನಕ್ಕಾ ಇದು, ಪೊಲೀಸಿನವರ ಥರ. ನಾನೇನು ಅವರನ್ನ ಹಿಡಿದು ಹತ್ತಿಸಿದ್ನಾ? ನನ್ನ ಜೊತೆ ಕಳಿಸಿದವಳು ನೀನು. ನಾನು ಕೇಳಿದ್ನಾ, ನನಗೊಬ್ಬ ಕಾವಲುಗಾರ ಬೇಕು ಅಂತ? ಕೇಳಿದ್ನಾ? ಹೇಳು.

ಇಡ್ತೀನಿ.

ಧ್ವನಿ ಸಂದೇಶ
ಏಪ್ರಿಲ್ 12, ರಾತ್ರಿ 12.20

ಅಕ್ಕಾ, ಹಿಂದಿನದನ್ನ ಕೇಳ್ಬೇಡ. ಅಳಿಸಿಬಿಡು. ದಯವಿಟ್ಟು.

ಪತ್ರ
ಏಪ್ರಿಲ್ 16

ತಮ್ಮಾ,

ಕೇಳಿದೆ. ಅಳಿಸಿಲ್ಲ. ನೀನು ಕಳಿಸಿದ ಯಾವುದನ್ನೂ ನಾನು ಅಳಿಸಿಲ್ಲ.

ಹೌದು, ಕಳಿಸಿದವಳು ನಾನೇ. ಪೆಟ್ಟಿಗೆ ಬಂದ ದಿನದಿಂದ ಅದನ್ನೇ ತಿನ್ನುತ್ತಿದ್ದೇನೆ, ಅದನ್ನೇ ಕುಡಿಯುತ್ತಿದ್ದೇನೆ. ನೀನು ಹೇಳಿದ್ದು ಹೊಸದೇನಲ್ಲ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಏಳು ಗಂಟೆಗೆ, ವರ್ಕ್‌ಶಾಪಿನ ಗೇಟಿನಲ್ಲಿ ನಿಂತು ನಿನ್ನ ಸಂದೇಶ ಕೇಳಿದೆ. ನೀನು ಶೂ ಎನ್ನುತ್ತೀ, ಫೋನ್ ಬರುತ್ತದೆ, “ಆಯ್ತು ಸರ್” ಎನ್ನುತ್ತೀ, “ಒಂದ್ನಿಮಿಷ ಅಕ್ಕಾ” ಎನ್ನುತ್ತೀ. ಅಲ್ಲಿಯವರೆಗೆ ನಿನ್ನ ಮಾತಿನ ಹಿಂದೆ ಗುನುಗೇ ಇಲ್ಲ. ಒಂದು ಹುಳದ ಸದ್ದಿದೆ, ಅಷ್ಟೆ. ಆಮೇಲೆ ಖಟ್ ಎಂದು ಒಂದು ಸದ್ದು. ಆಮೇಲೆ ಗುಟುರು. ಒಂಬತ್ತು ಸೆಕೆಂಡು. ಅದು ಇಳಿದು ಗುನುಗಾಗುವ ಹೊತ್ತಿಗೆ ನೀನು “ಎಲ್ಲಿದ್ದೆ?” ಎನ್ನುತ್ತೀ.

ಗೇಟಿನಲ್ಲಿ ನಿಂತು ನಾನು ನಕ್ಕೆ. ದೊಡ್ಡಪ್ಪನನ್ನು ಮಲಗಿಸಿ ಎಬ್ಬಿಸಿದ್ದಾರೆ ಅಂದುಕೊಂಡೆ. ಹತ್ತು ಗಂಟೆಗೆ ಕಂಪನಿಯವರ ಫೋನು ಬಂತು.

ಮೂವತ್ತು ಸಲ ಕೇಳಿದ್ದೇನೆ. ಟೆಸ್ಟಿಂಗ್ ಮೇಜಿನ ಹಿರಿಯರಿಗೂ ಕೇಳಿಸಿದೆ, ಯಾರದೆಂದು ಹೇಳದೆ. “ಲೋಡ್ ಇಲ್ಲದೆ ಚಾರ್ಜ್ ಮಾಡ್ತಿದ್ದಾರಮ್ಮ, ದೊಡ್ಡ ಯಂತ್ರ” ಎಂದರು. ನಿಂತಿದ್ದ ಟ್ರಾನ್ಸ್‌ಫಾರ್ಮರ್ ಮೇಲೆ, ಅಂಗೈ ಇಟ್ಟು ನೋಡಿ, ನಡುಕವಿಲ್ಲ ಎಂದು ತಿಳಿದೇ ಅವರು ಹತ್ತಿದ್ದಾರೆ.

ಈ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಆ ಸಂದೇಶ ವಿಚಾರಣೆಗೆ ಹೋದರೆ ನಿನಗೆ ಏನಾಗುತ್ತದೆ ಎಂದು ನನಗೆ ಗೊತ್ತು. ನನಗಿರುವ ತಮ್ಮ ನೀನೊಬ್ಬನೇ. ಇಪ್ಪತ್ತೆರಡರವರೆಗೆ ಕಾಯುತ್ತೇನೆ. ನೀನೇ ಹೇಳು. ನನಗೆ ಮೊದಲು ಹೇಳು.

ಅಕ್ಕ

ಧ್ವನಿ ಸಂದೇಶ
ಏಪ್ರಿಲ್ 19, ರಾತ್ರಿ 3.30

ಎರಡು ದಿನದಿಂದ ಮಾತಾಡಿ ಮಾತಾಡಿ ಅಳಿಸ್ತಿದ್ದೀನಿ. ಈ ಸಲ ನಿಲ್ಲಿಸಲ್ಲ, ಒಂದೇ ಉಸಿರಿಗೆ ಹೇಳ್ಬಿಡ್ತೀನಿ. ಮಧ್ಯ ಅತ್ರೂ ಕೇಳಿಸ್ಕೊ.

ಎಣ್ಣೆ ನಾಲ್ಕು ದಿನದಿಂದ ಜಿನುಗ್ತಿತ್ತು. ನಾಲ್ಕೂ ರಾತ್ರಿ ನಾನು ಸೋರಿಕೆ ಇಲ್ಲ ಅಂತ ಬರೆದಿದ್ದೆ. ಕೂತಲ್ಲೇ. ಹತ್ತನೇ ತಾರೀಖು ರಾತ್ರಿ ಭಾವ ಟಾರ್ಚ್ ಬಿಟ್ಟು ನೋಡಿದ್ರು, ಕೆಳಗೆ ಜಲ್ಲಿಯೆಲ್ಲ ಕಪ್ಪಾಗಿತ್ತು. ಪುಸ್ತಕ ತೆಗೆದು ನೋಡಿದ್ರು. ಬೈಲಿಲ್ಲ ಅಕ್ಕಾ. ಬೈದಿದ್ರೆ ಚೆನ್ನಾಗಿತ್ತು. ಬೆಳಿಗ್ಗೆ ಇಂಜಿನಿಯರ್ ನೋಡಿದ್ರೆ ನಿನ್ನ ಮನೆಗೆ ಕಳಿಸ್ತಾನೆ, ನಿಮ್ಮಕ್ಕಂಗೆ ನಾನೇನು ಹೇಳ್ಲಿ ಅಂದ್ರು. ಹತ್ತು ನಿಮಿಷದ ಕೆಲಸ, ಮುಗಿಸಿಬಿಡೋಣ ಅಂದ್ರು.

ಪರವಾನಗಿ ಕಾಗದಕ್ಕೆ ಮೂರು ದಿನ. ಅದಿಲ್ಲದೆ, ಕರೆಂಟನ್ನ ನೆಲಕ್ಕೆ ಇಳಿಸೋ ಅರ್ಥ್ ಸಲಾಕೆಯ ಬೀಗದ ಕೈ ಕೊಡಲ್ಲ. ಆ ಸಲಾಕೆ ಸಿಕ್ಕಿಸಿದ್ರೆ ನಾನು ಯಾವ ಬಟನ್ ಒತ್ತಿದ್ರೂ ಅವರಿಗೆ ಏನೂ ಆಗ್ತಿರ್ಲಿಲ್ಲ, ನಿನಗೆ ಗೊತ್ತು. ಆ ಕಡೆ ಲೋಡೇ ಇಲ್ಲ, ಈ ಕಡೆ ಬ್ರೇಕರ್ ನಿನ್ನ ಕೈಯಲ್ಲಿದೆ, ಸಾಕು ಅಂದ್ರು. ನನ್ನ ಕೈಯಲ್ಲಿದೆ, ಸಾಕು ಅಂದ್ರು ಅಕ್ಕಾ.

ಕಂಟ್ರೋಲ್ ರೂಮಿನವನಿಗೆ ಹತ್ತು ನಿಮಿಷ ಅಂತ ಹೇಳಿ ನಾನು ಬ್ರೇಕರ್ ತೆಗೆದೆ. ಎಷ್ಟೋ ದಿನದ ಮೇಲೆ ಗುನುಗು ನಿಂತಿತು. ಅಷ್ಟು ನಿಶ್ಶಬ್ದ ಆಗಿತ್ತು, ನಿನ್ನ ಜೊತೆ ಮಾತಾಡೋಣ ಅನ್ನಿಸ್ತು. ಭಾವ ಅಂಗೈ ಇಟ್ಟು ನೋಡಿದ್ರು, ಹತ್ತಿದ್ರು. ಮಧ್ಯ ಒಂದು ಸಲ ಒಳಗೆ ಬಂದ್ರು. ಹೆಲ್ಮೆಟ್ ತೆಗೆದು ಮೊಳೆಗೆ ಹಾಕಿ ಮುಖ ಒರೆಸ್ಕೊಂಡ್ರು. ಸಲಕರಣೆ ನೇತುಹಾಕೋ ಬೋರ್ಡಿಂದ ಸ್ಪ್ಯಾನರ್ ತಗೊಂಡು ಹೋದ್ರು. ಹೆಲ್ಮೆಟ್ ಅಲ್ಲೇ ಬಿಟ್ಟು ಹೋದ್ರು.

ಫೋನ್ ಮಾಡಿದ್ದು ಕಂಟ್ರೋಲ್ ರೂಮಿನವನು. ಮೇಲಿನವರು ಪರದೆ ನೋಡ್ತಿದ್ದಾರೆ, ಯಾಕೆ ನಿಂತಿದೆ ಅಂತ ಕೇಳ್ತಿದ್ದಾರೆ, ಆಳು ಇಳಿದ್ನಾ, ಹಾಕು ಅಂದ. ನಾನು ತಿರುಗಿ ಮೊಳೆ ನೋಡಿದೆ. ಹೆಲ್ಮೆಟ್ ಇತ್ತು. ಬೋರ್ಡ್ ನೋಡ್ಲಿಲ್ಲ. ಬೋರ್ಡಲ್ಲಿ ಸ್ಪ್ಯಾನರಿನ ಜಾಗ ಖಾಲಿ ಇತ್ತು. ಪಕ್ಕದಲ್ಲೇ. ಒಂದು ಮೊಳ ದೂರ. ಬಾಗಿಲು ದಾಟಿ ಕತ್ತೆತ್ತಿದ್ರೂ ಸಾಕಿತ್ತು. ನಿನಗೆ ಕಾಲಿನ ಅಳತೆ ಹೇಳೋ ಆತುರ. ಹಾಕಿದೆ.

ನಿನಗೆ ಕಳಿಸಿ ಫೋನ್ ಮೇಜಿನ ಮೇಲಿಟ್ಟೆ, ಆಗ ಆ ಸದ್ದು. ಗುಟುರು ಕೇಳಿ ಇಳಿಯೋಕೆ ತಿರುಗಿರ್ಬೇಕು, ಆಗಲೇ ಕೈ ಕಂಬದ ತುದಿ ಹತ್ರ ಹೋಗಿದೆ.

ಆಮೇಲೆ ಅವರೆಲ್ಲ ಬಂದ್ರು. ಬ್ರೇಕರ್ ತೆಗೆದೇ ಇಲ್ಲ ಅಂತ ಹೇಳು, ಕಂಟ್ರೋಲ್ ರೂಮಿನ ದಾಖಲೆ ನಾವು ನೋಡ್ಕೋತೀವಿ, ಇಲ್ಲಾಂದ್ರೆ ಜೈಲಿಗೆ ಹೋಗೋನು ನೀನು ಅಂದ್ರು. ಸಹಿ ಮಾಡಿದೆ. ಸೊನ್ನೆ ಮುಳ್ಳಿನ ಕಥೆ ಅವರದಲ್ಲ ಅಕ್ಕಾ, ನಂದು. ನಾನೇ ಹೊಂದಿಸಿ ಹೇಳಿದ್ದು. ನಿನ್ನ ಪತ್ರದಿಂದ.

ನಾಳೆ ಬೆಳಿಗ್ಗೆ ವಿಚಾರಣೆಯವರ ಹತ್ರ ಹೋಗಿ ಇದನ್ನೇ ಹೇಳ್ತೀನಿ. ಹೇಳಿದ್ರೆ ಸಾಕ್ಷಿ ಕೇಳ್ತಾರೆ. ನನ್ನ ಫೋನಲ್ಲಿದ್ದದ್ದನ್ನ ಅವತ್ತೇ ಅಳಿಸಿದ್ದೀನಿ. ನಿನ್ನ ಹತ್ರ ಇರೋದನ್ನ ಕಳಿಸು.

ಪತ್ರ
ಏಪ್ರಿಲ್ 23

ಗಾಳಿಪಟ,

ನೀನು ಹೋಗಿ ಹೇಳಿದ್ದು ನಿಜವೆಂದು ವಿಚಾರಣೆಯವರೇ ಫೋನ್ ಮಾಡಿ ತಿಳಿಸಿದರು. ನಿನ್ನನ್ನು ಇಟ್ಟುಕೊಂಡಿದ್ದಾರೆ ಎಂದೂ ಹೇಳಿದರು. ಈ ಹಾಳೆ ಅವರ ಕೈಯಿಂದಲೇ ನಿನಗೆ ಸಿಗುತ್ತದೆ. ಕಂಟ್ರೋಲ್ ರೂಮಿನವನನ್ನೂ ಅವನ ಮೇಲಿನವರನ್ನೂ ಕರೆಸಿದ್ದಾರಂತೆ. ಸಂದೇಶ ನಿನ್ನೆ ಕಳಿಸಿದೆ. ಕಂಪನಿಯ ಕಾಗದ ಸಹಿ ಇಲ್ಲದೆ ವಾಪಸ್ ಹೋಯಿತು.

ಮಗುವನ್ನು ಕೂರಿಸಿಕೊಂಡು ಹೇಳಿದೆ, ಅಪ್ಪನಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು, ಒಂದು ದಿನ ಮಾತ್ರ ಕಾಗದಕ್ಕೆ ಕಾಯಲಿಲ್ಲ ಎಂದು. ಯಾಕೆ ಕಾಯಲಿಲ್ಲ ಎಂದು ಕೇಳಿತು. ಅದನ್ನು ನೀನೇ ಒಂದು ದಿನ ಅವಳಿಗೆ ಹೇಳಬೇಕು. ನಾನು ಹೇಳುವುದಿಲ್ಲ.

ನನಗೆ ನಿನ್ನ ಮೇಲೆ ಕೋಪವಿದೆಯೇ ಎಂದು ಕೇಳಬೇಡ. ಅಳೆಯಲು ಕೂತರೆ ನನ್ನ ಪಾಲೂ ಅಳೆಯಬೇಕಾಗುತ್ತದೆ.

ಒಂದು ವಿಷಯ ಹೋದ ಪತ್ರದಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ನೀನು ಅದಕ್ಕೆ ಹೆದರಿ ಹೇಳಿದ ಹಾಗಾಗುತ್ತಿತ್ತು. ಆ ಸಂದೇಶದ ಮೊದಲ ಹನ್ನೊಂದು ಸೆಕೆಂಡನ್ನು ಬೇರೆ ಮಾಡಿ ಇಟ್ಟುಕೊಂಡಿದ್ದೇನೆ. ನೀನು “ಎದ್ದಿದ್ದೀಯಾ” ಎನ್ನುತ್ತೀ. ಬಾಗಿಲ ಸದ್ದು. “ಯಾರಿಗೋ, ಅಕ್ಕಂಗಾ? ಹದಿನೇಳರ ಸ್ಪ್ಯಾನರ್ ಎಲ್ಲಿಟ್ಟೆ?” ಎನ್ನುತ್ತಾರೆ. ನೀನು “ಬೋರ್ಡಲ್ಲೇ ಇದೆ, ನೋಡಿ” ಎನ್ನುತ್ತೀ. ಆಮೇಲೆ ದೂರದಿಂದ, ಬಾಗಿಲು ದಾಟುತ್ತಾ, ಅವರು ಹೇಳುತ್ತಾರೆ:

“ಇನ್ನೊಂದೇ ಬೋಲ್ಟು. ಇಳಿದ್ಮೇಲೆ ಮಾತಾಡ್ತೀನಿ ಅಂತ ಹೇಳು ಅವಳಿಗೆ.”

ನೀನು ಹೂಂ ಹೂಂ ಎನ್ನುತ್ತೀ.

ಅಕ್ಕ